ಚೈನ್‌ಸಾ ಸರ್ವ್: ಎರಡು ವರ್ಷ ಬಾಳಿದ ಒಂದು ಅಸ್ತ್ರದ ಪ್ರಕರಣ

2021ರಲ್ಲಿ ಅಮೆರಿಕದ ವೃತ್ತಿಪರ ಪಿಕಲ್‌ಬಾಲ್ (ಪ್ಯಾಡಲ್ ಎಂಬ ಗಟ್ಟಿ ಬ್ಯಾಟಿನಿಂದ ತೂತುಗಳಿರುವ ಪ್ಲಾಸ್ಟಿಕ್ ಚೆಂಡನ್ನು ನೆಟ್ಟಿನಾಚೆ ಹೊಡೆದು ಆಡುವ ಆಟ) ಅಂಕಣಗಳಲ್ಲಿ ಅದುವರೆಗೆ ಯಾರೂ ನೋಡಿರದ ಸರ್ವ್ ಒಂದು ಕಾಣಿಸಿಕೊಂಡಿತು. ವಿಸ್ಕಾನ್ಸಿನ್ ರಾಜ್ಯದ ಝೇನ್ ನವ್ರಾಟಿಲ್ ಚೆಂಡನ್ನು ಪ್ಯಾಡಲಿನ ಮೈಗೆ ಒತ್ತಿ, ಉಜ್ಜಿ ಜಾರಿಸಿ ಬಿಡುತ್ತಿದ್ದರು. ಕೈ ಬಿಟ್ಟ ಕ್ಷಣಕ್ಕೇ ಚೆಂಡು ಬುಗುರಿಯ ಹಾಗೆ ಗಿರಗಿರ ಸುತ್ತುತ್ತಿತ್ತು. ಸುತ್ತುತ್ತಿರುವ ಆ ಚೆಂಡನ್ನೇ ಅವರು ಹೊಡೆಯುತ್ತಿದ್ದರು. ಮರ ಕೊಯ್ಯುವ ಯಂತ್ರವನ್ನು ಹುರಿ ಎಳೆದು ಚಾಲೂ ಮಾಡುವ ಭಂಗಿಯನ್ನು ಆ ಕೈಚಳಕ ಹೋಲುತ್ತಿದ್ದುದರಿಂದ ಅದಕ್ಕೆ ಚೈನ್‌ಸಾ ಸರ್ವ್ ಎಂದು ಹೆಸರು ಬಿತ್ತು. ನವ್ರಾಟಿಲ್ ಕಾಲೇಜು ದಿನಗಳಲ್ಲಿ ಟೆನಿಸ್ ಆಡಿದವರು, ಆಮೇಲೆ ಲೆಕ್ಕಪರಿಶೋಧಕರಾಗಿದ್ದವರು. ನಿಯಮಪುಸ್ತಕದಲ್ಲಿ ಏನಿಲ್ಲ ಎಂಬುದನ್ನು ಕಂಡುಹಿಡಿಯುವುದು ಅವರ ಹಳೆಯ ವೃತ್ತಿಗೂ ಒಗ್ಗುವ ಕೆಲಸವೇ.

2022ರ ಆರಂಭಕ್ಕೆ ಆ ಸರ್ವಿನ ಅರ್ಧ ಪ್ರಾಣ ಹೋಯಿತು. 2023ರ ಆರಂಭಕ್ಕೆ ಪೂರ್ತಿ ಹೋಯಿತು. ಒಳ್ಳೆಯ ಸರ್ವ್ ರೂಢಿಸಿಕೊಳ್ಳಬೇಕು ಅನ್ನುವವರಿಗೆ ಈ ಎರಡು ವರ್ಷಗಳ ಕಥೆಯಲ್ಲಿ ಕಲಿಯುವುದು ಬಹಳ ಇದೆ. ಆ ಸರ್ವ್ ಎದುರಾಳಿಯಿಂದ ನಿಜವಾಗಿ ಕಸಿದುಕೊಂಡದ್ದು ಏನನ್ನು ಎಂದು ಬಿಡಿಸಿ ನೋಡಿದರೆ, ಅದರಲ್ಲಿ ಹೆಚ್ಚಿನ ಪಾಲನ್ನು ಈಗಲೂ ನಿಯಮದೊಳಗೇ ಕಸಿದುಕೊಳ್ಳಬಹುದು ಎಂಬುದು ನನ್ನ ವಾದ.

ಸರ್ವ್ ಮಾಡುವವರೇ ಹಿಂದೆ ಬೀಳುವ ಆಟ

ಟೆನಿಸ್ ನೋಡಿ ಬೆಳೆದವರಿಗೆ ಸರ್ವ್ ಅಂದರೆ ದಾಳಿ. ಪಿಕಲ್‌ಬಾಲಿನಲ್ಲಿ ಲೆಕ್ಕ ತಿರುವುಮುರುವು. ಇಲ್ಲಿ ರಿಟರ್ನ್ ಮಾಡುವವರು ಸರ್ವನ್ನು ಒಮ್ಮೆ ನೆಲಕ್ಕೆ ಪುಟಿಯಲು ಬಿಡಬೇಕು. ಆ ರಿಟರ್ನನ್ನು ಸರ್ವ್ ಮಾಡಿದ ಕಡೆಯವರೂ ಒಮ್ಮೆ ಪುಟಿಯಲು ಬಿಡಬೇಕು. ಅದಾದ ಮೇಲಷ್ಟೇ ಚೆಂಡನ್ನು ಗಾಳಿಯಲ್ಲೇ ಹೊಡೆಯಬಹುದು. ಹೀಗಾಗಿ ಸರ್ವ್ ಮಾಡಿದ ಜೋಡಿ ಬೇಸ್‌ಲೈನ್, ಅಂದರೆ ಅಂಕಣದ ಹಿಂದಿನ ಗೆರೆಯ ಬಳಿಯೇ ಕಾದು ನಿಲ್ಲಬೇಕಾಗುತ್ತದೆ. ಎದುರಿನ ಜೋಡಿಯಲ್ಲಿ ಒಬ್ಬರು ಆಗಲೇ ಕಿಚನ್ (ನೆಟ್ಟಿನ ಮುಂದಿನ, ಒಳಗೆ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯಬಾರದ ಪಟ್ಟಿ) ಗೆರೆಯ ಬಳಿ ಇರುತ್ತಾರೆ, ರಿಟರ್ನ್ ಮಾಡಿದವರು ಅಲ್ಲಿಗೆ ಓಡಿ ಸೇರಿಕೊಳ್ಳುತ್ತಾರೆ. ನೆಟ್ಟಿನ ಹತ್ತಿರ ನಿಂತವರದೇ ಮೇಲುಗೈ ಆಗಿರುವ ಆಟದಲ್ಲಿ ಸರ್ವ್ ಮಾಡಿದವರು ಮೊದಲ ಹೊಡೆತಕ್ಕೇ ಹಿಂದೆ ಉಳಿದಿರುತ್ತಾರೆ.

ಅಂಕಣದ ಅಳತೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಒಟ್ಟು ಉದ್ದ 44 ಅಡಿ, ಅಗಲ 20 ಅಡಿ. ನೆಟ್ಟಿನಿಂದ ಪ್ರತಿ ಕಡೆಗೆ 22 ಅಡಿ. ಅದರಲ್ಲಿ ಮೊದಲ 7 ಅಡಿ ಕಿಚನ್. ಸರ್ವ್ ಅಲ್ಲಿ ಬೀಳುವಂತಿಲ್ಲ, ಕಿಚನ್ ಗೆರೆ ತಾಕಿದರೂ ಫಾಲ್ಟ್. ಸರ್ವ್ ಬೀಳಬೇಕಾದ ಚೌಕ 15 ಅಡಿ ಉದ್ದ, 10 ಅಡಿ ಅಗಲ. ಬೇಸ್‌ಲೈನಿನಲ್ಲಿ ನಿಂತು ರಿಟರ್ನ್ ಹೊಡೆದವರು ಕಿಚನ್ ಗೆರೆ ಸೇರಲು ಓಡಬೇಕಾದ್ದು 15 ಅಡಿ. ಸರ್ವ್ ಗಿಡ್ಡ ಬಿದ್ದರೆ ಅವರು ಮುಂದೆ ಬಂದೇ ಹೊಡೆಯುತ್ತಾರೆ, ಓಟ ಐದಾರು ಅಡಿಗೆ ಇಳಿಯುತ್ತದೆ. ಸರ್ವ್ ಬೇಸ್‌ಲೈನಿಗೆ ಎರಡು ಅಡಿ ಒಳಗೆ ಬಿದ್ದು ಸೊಂಟದೆತ್ತರ ಎದ್ದರೆ ಅವರು ಗೆರೆಯಿಂದ ಆಚೆ ಸರಿದು ಹೊಡೆಯಬೇಕು, ಓಟ 18 ಅಡಿಗೂ ಮೀರುತ್ತದೆ. ಸರ್ವಿನ ಮೂಲ ಕಸುಬು ಇಷ್ಟೇ: ಎದುರಾಳಿಯ ಓಟವನ್ನು ಉದ್ದ ಮಾಡುವುದು, ಅವರ ರಿಟರ್ನನ್ನು ಗಿಡ್ಡ ಮಾಡುವುದು. ಏಸ್, ಅಂದರೆ ಎದುರಾಳಿ ಮುಟ್ಟಲೂ ಆಗದ ಸರ್ವ್, ಬಂದರೆ ಬೋನಸ್.

ಕರ್ನಾಟಕದಲ್ಲಿ ಶಟಲ್ ಆಡಿ ಈ ಕಡೆಗೆ ಬಂದವರು ಎಡವುವುದೂ ಇಲ್ಲೇ. ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ನೆಟ್ ಸವರಿಕೊಂಡು ಮುಂದಿನ ಗೆರೆಯ ಮೇಲೆ ಬೀಳುವ ಗಿಡ್ಡ ಸರ್ವೇ ಶ್ರೇಷ್ಠ. ಅಲ್ಲಿ ಎದುರಾಳಿ ಶಟಲನ್ನು ಗಾಳಿಯಲ್ಲೇ ಹೊಡೆಯುತ್ತಾನೆ, ಸ್ವಲ್ಪ ಎತ್ತರ ಸಿಕ್ಕರೂ ಕೊಂದುಹಾಕುತ್ತಾನೆ. ಪಿಕಲ್‌ಬಾಲಿನಲ್ಲಿ ಚೆಂಡು ಪುಟಿಯಲೇಬೇಕಾದ್ದರಿಂದ ಆ ಭಯವಿಲ್ಲ. ಇಲ್ಲಿ ಸರ್ವ್ ನೆಟ್ಟಿನ ಮೇಲೆ ಮೂರ್ನಾಲ್ಕು ಅಡಿ ಎತ್ತರದಲ್ಲಿ ಹೋದರೂ ಯಾರೂ ಸ್ಮ್ಯಾಶ್ ಮಾಡಲಾರರು. ವರ್ಷಗಟ್ಟಲೆ ರೂಢಿಯಾದ ಆ ಗಿಡ್ಡ ಸರ್ವನ್ನು ಇಲ್ಲಿಗೆ ತಂದರೆ ಎದುರಾಳಿಗೆ ಕಿಚನ್ನಿನ ದಾರಿಯನ್ನು ನಾವೇ ತೋರಿಸಿದ ಹಾಗೆ.

ಕೈಯಲ್ಲೇ ಹುಟ್ಟಿದ ಸುತ್ತು

ಸರ್ವ್ ಮಾಡುವವರ ಕೈಯನ್ನು ನಿಯಮ ಬಿಗಿಯಾಗಿ ಕಟ್ಟಿದೆ. ಚೆಂಡನ್ನು ಗಾಳಿಯಲ್ಲಿ ಹೊಡೆಯುವ ಸಾಮಾನ್ಯ ಸರ್ವಿನಲ್ಲಿ ತೋಳು ಕೆಳಗಿನಿಂದ ಮೇಲಕ್ಕೆ ಕಮಾನಿನಂತೆ ಬರಬೇಕು, ಚೆಂಡು ಸೊಂಟದ ಕೆಳಗೆ ತಾಕಬೇಕು, ಆ ಕ್ಷಣದಲ್ಲಿ ಪ್ಯಾಡಲ್ ತಲೆ ಮಣಿಕಟ್ಟಿಗಿಂತ ಮೇಲಿರಬಾರದು. ಈ ಮೂರರ ನಡುವೆ ಸಿಗುವ ಸ್ಪಿನ್ (ಸುತ್ತು) ಹೆಚ್ಚಾಗಿ ಟಾಪ್‌ಸ್ಪಿನ್, ಅಂದರೆ ಚೆಂಡು ಮುಂದಕ್ಕೆ ಉರುಳುವಂಥ ಸುತ್ತು, ಜೊತೆಗೆ ಸ್ವಲ್ಪ ಪಕ್ಕದ ಸುತ್ತು. ಅದೂ ಪ್ಯಾಡಲ್ ಸಾಗಿದ ದಾರಿಯಲ್ಲೇ ಕಾಣಿಸುತ್ತದೆ. ಅನುಭವಿ ರಿಟರ್ನರ್ ಎದುರಾಳಿಯ ತೋಳು ನೋಡಿಯೇ ಚೆಂಡು ಪುಟಿದ ಮೇಲೆ ಯಾವ ಕಡೆ ಹೊರಳುತ್ತದೆ ಎಂದು ಅಂದಾಜು ಮಾಡಿರುತ್ತಾರೆ.

ನವ್ರಾಟಿಲ್ ಕಂಡುಕೊಂಡ ಸಂದು ಇದ್ದದ್ದು ಹೊಡೆತಕ್ಕೂ ಮೊದಲು. ತೋಳಿಗೆ, ಸೊಂಟಕ್ಕೆ, ಮಣಿಕಟ್ಟಿಗೆ ನಿಯಮವಿತ್ತು, ಚೆಂಡನ್ನು ಕೈಯಿಂದ ಬಿಡುವ ಕ್ರಿಯೆಯ ಬಗ್ಗೆ ಹೇಳಿಕೊಳ್ಳುವಂಥ ನಿಯಮ ಇರಲಿಲ್ಲ. ಸುತ್ತು ಆಗಲೇ ತುಂಬಿದ್ದ ಚೆಂಡಿಗೆ ಅವರ ತೋಳು ಮಾಮೂಲಿ ಹೊಡೆತ ಕೊಡುತ್ತಿತ್ತು. ತೋಳು ಒಂದು ಹೇಳಿದರೆ ಚೆಂಡು ಇನ್ನೊಂದು ಮಾಡುತ್ತಿತ್ತು. ಪುಟಿದ ಮೇಲೆ ನಿರೀಕ್ಷೆಗೆ ವಿರುದ್ಧ ದಿಕ್ಕಿಗೆ ಹಾರುವ ಚೆಂಡಿನ ಮುಂದೆ ವೃತ್ತಿಪರರೂ ಪ್ಯಾಡಲನ್ನು ಗಾಳಿಗೆ ಬೀಸಿ ನಿಂತದ್ದುಂಟು.

ಇದರಲ್ಲಿ ಎರಡು ಲಾಭ ಬೆರೆತಿದ್ದವು. ಮೊದಲನೆಯದು ಮಾಹಿತಿಯ ಕಳ್ಳತನ. ರಿಟರ್ನರ್ ಓದಬಹುದಾದ ಸುಳಿವನ್ನು ಸರ್ವ್ ಮಾಡುವವರು ಅಳಿಸಿಹಾಕಿದ್ದರು. ಚೆಂಡು ನೆಲಕ್ಕೆ ಬೀಳುವ ಮುನ್ನವೇ ಹೊಡೆದು ತಪ್ಪಿಸಿಕೊಳ್ಳೋಣವೆಂದರೆ ನಿಯಮವೇ ಬಿಡದು. ಚೆಂಡು ಪುಟಿಯಲೇಬೇಕು, ಪುಟಿದಾಗಲೇ ಸುತ್ತು ತನ್ನ ಆಟ ತೋರುತ್ತದೆ. ಎರಡನೆಯ ಲಾಭದ ಬಗ್ಗೆ ಅಷ್ಟಾಗಿ ಯಾರೂ ಮಾತಾಡಲಿಲ್ಲ. ಹೊರಳುವ ಚೆಂಡನ್ನು ನೋಡಿ ಹೊಡೆಯಲು ಸಮಯ ಬೇಕು, ಸಮಯ ಬೇಕೆಂದರೆ ಹಿಂದೆ ನಿಲ್ಲಬೇಕು, ಹಿಂದೆ ನಿಂತರೆ ಕಿಚನ್ ದೂರ. ಅಂದರೆ ಆಳವಾದ ಸರ್ವ್ ಕೊಡುವ ಲಾಭವನ್ನೇ ಸ್ಪಿನ್ ಬೇರೆ ದಾರಿಯಿಂದ ತಂದುಕೊಡುತ್ತಿತ್ತು.

ಬೆಲೆಯೂ ಇತ್ತು ಅನ್ನಿ. ಸುತ್ತುತ್ತಿರುವ ಚೆಂಡು ಎದುರಾಳಿಯ ಪ್ಯಾಡಲಿಗೆ ತಲೆಬೇನೆ ಕೊಡುವ ಮುನ್ನ ಸರ್ವ್ ಮಾಡುವವರ ಪ್ಯಾಡಲಿಗೇ ಕೊಡುತ್ತದೆ. ಪ್ಯಾಡಲ್ ಮೈ ತಾಕಿದೊಡನೆ ಅದು ಪಕ್ಕಕ್ಕೆ ಜಾರಲು ನೋಡುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿದೇ ಗುರಿ ಇಡಬೇಕು. ಪ್ರತಿ ಸಲವೂ ಒಂದೇ ಪ್ರಮಾಣದ ಸುತ್ತು ತುಂಬಲು ಬಾರದವರಿಗೆ ಚೆಂಡು ಎಲ್ಲಿ ಹೋಗುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. ಇಲ್ಲಿ ಎರಡನೇ ಸರ್ವ್ ಎಂಬ ಔದಾರ್ಯವೂ ಇಲ್ಲ.

ನಿಯಮ ಬೆನ್ನು ಹತ್ತಿದ ಬಗೆ

ಅಮೆರಿಕದ ನಿಯಂತ್ರಣ ಸಂಸ್ಥೆ ಯುಎಸ್ಎ ಪಿಕಲ್‌ಬಾಲ್ ಸರ್ವಿನ ನಿಯಮಗಳನ್ನು ಆಗ ಹೇಗೂ ಕೈಗೆತ್ತಿಕೊಂಡಿತ್ತು. 2021ರಲ್ಲೇ ನೆಟ್ ತಾಕಿ ಒಳಗೆ ಬಿದ್ದ ಸರ್ವನ್ನು ಮತ್ತೆ ಆಡಿಸುವ ಪದ್ಧತಿ ಕೈಬಿಟ್ಟಿತ್ತು. ಅದೇ ವರ್ಷ ಡ್ರಾಪ್ ಸರ್ವ್, ಅಂದರೆ ಚೆಂಡನ್ನು ಕೈಬಿಟ್ಟು ನೆಲಕ್ಕೆ ಪುಟಿಸಿ ಹೊಡೆಯುವ ಸರ್ವ್, ಪ್ರಯೋಗಕ್ಕೆಂದು ಬಂದಿತ್ತು. 2022ರಲ್ಲಿ ಅದು ಕಾಯಂ ಆಯಿತು. ಅದೇ 2022ರ ನಿಯಮ ಚೈನ್‌ಸಾಗೆ ಮೊದಲ ಪೆಟ್ಟು ಕೊಟ್ಟಿತು: ಚೆಂಡನ್ನು ಒಂದೇ ಕೈಯಿಂದ ಬಿಡಬೇಕು, ಸುತ್ತು ತುಂಬಲು ಪ್ಯಾಡಲನ್ನಾಗಲಿ ಬೇರೇನನ್ನಾಗಲಿ ಬಳಸುವಂತಿಲ್ಲ.

ಬೆರಳು ಮಾತ್ರ ಉಳಿಯಿತು. ಆಟಗಾರರು ಬೆರಳನ್ನೇ ಹಿಡಿದರು. ಚಿಟಿಕೆ ಹೊಡೆದಂತೆ ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಚೆಂಡನ್ನು ತಿರುಚಿ ಬಿಡುವ ಒಂಟಿಗೈ ಸ್ಪಿನ್ ಸರ್ವ್ 2022ರುದ್ದಕ್ಕೂ ಆಡಿತು. ನವ್ರಾಟಿಲ್ ತಮ್ಮ ಸರ್ವನ್ನು ಒಂದು ಕೈಗೆ ಒಗ್ಗಿಸಿಕೊಂಡರು, ಬೇರೆಯವರೂ ಕಲಿತರು. ಅರ್ಧ ನಿಷೇಧದ ಗತಿ ಹೀಗೆಯೇ. ಸಂದು ಎಲ್ಲಿದೆ ಎಂದು ಎಲ್ಲರಿಗೂ ಡಂಗುರ ಸಾರಿದಂತಾಗುತ್ತದೆ.

2023ರ ನಿಯಮ ಆ ಸಂದನ್ನೂ ಮುಚ್ಚಿತು. ಚೆಂಡು ಬಿಡುವಾಗ ಬೇಕೆಂದೇ ಸುತ್ತು ತುಂಬುವಂತಿಲ್ಲ. ಕೈಯಿಂದ ಜಾರುವಾಗ ಸಹಜವಾಗಿ ಬರುವ ಸಣ್ಣ ತಿರುಗು ನಡೆಯುತ್ತದೆ. ಚೆಂಡು ಬಿಡುವುದು ರೆಫರಿಗೂ ರಿಟರ್ನ್ ಮಾಡುವವರಿಗೂ ಕಾಣಬೇಕು. ಈ ಕೊನೆಯ ಷರತ್ತೇ ನನ್ನ ಪ್ರಕಾರ ತಿರುಳು. ಎದುರಾಳಿಗೆ ಕಾಣದ ಜಾಗದಲ್ಲಿ ಸುತ್ತು ಹುಟ್ಟುವುದೇ ಸಮಸ್ಯೆ ಎಂದು ನಿಯಮ ಬರೆದವರು ಒಪ್ಪಿಕೊಂಡ ಹಾಗಿದೆ.

ನಿಷೇಧ ಸರಿಯೇ ತಪ್ಪೇ ಎಂದು ಆಗ ಸಾಕಷ್ಟು ಕಾದಾಟ ನಡೆಯಿತು. ಇದೂ ಒಂದು ಕೌಶಲ, ಸೋಲುವವರು ಕಲಿತುಕೊಳ್ಳಲಿ ಎಂದು ಒಂದು ಪಕ್ಷ. ರ‍್ಯಾಲಿಯೇ ಈ ಆಟದ ಜೀವ, ಮೊದಲ ಹೊಡೆತಕ್ಕೇ ಅದು ಮುಗಿದರೆ ನೋಡುವವರಿಗೂ ಆಡುವವರಿಗೂ ಏನುಳಿಯಿತು ಎಂದು ಇನ್ನೊಂದು. ನಾನು ಎರಡನೆಯ ಪಕ್ಷದವನು. ಆದರೆ ಮೊದಲ ಪಕ್ಷದವರ ಒಂದು ಮಾತು ನಿಜ: ಆ ಸರ್ವ್ ಬಂದ ಮೇಲೆ, ಸರ್ವ್ ಅಂದರೆ ಬರೀ ಆಟ ಶುರುಮಾಡುವ ಶಾಸ್ತ್ರ ಎಂಬ ಉದಾಸೀನ ಹೋಯಿತು.

ಇದೇ ಕಥೆ, ಬೇರೆ ಅಂಕಣಗಳಲ್ಲಿ

ಇದೆಲ್ಲ ಹೊಸದಲ್ಲ. 1937ರಲ್ಲಿ ಆಸ್ಟ್ರಿಯಾದ ಬಾಡೆನ್‌ನಲ್ಲಿ ನಡೆದ ಟೇಬಲ್ ಟೆನಿಸ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಪ್ರಶಸ್ತಿ ಗೆದ್ದವು. ಆ ತಂಡದ ಸಾಲ್ ಶಿಫ್ ಬೆರಳಿನಿಂದ ಚೆಂಡಿಗೆ ಸುತ್ತು ತುಂಬಿ ಸರ್ವ್ ಮಾಡುವುದರಲ್ಲಿ ನಿಸ್ಸೀಮರು. ಅದಾದ ಮೇಲೆ ಬೆರಳ ಸುತ್ತು ನಿಷೇಧವಾಯಿತು. ಇಂದಿಗೂ ಟೇಬಲ್ ಟೆನಿಸ್‌ನಲ್ಲಿ ಚೆಂಡನ್ನು ಬಿಚ್ಚಿದ ಅಂಗೈ ಮೇಲಿಟ್ಟು ಸುತ್ತಿಲ್ಲದೆ ಮೇಲಕ್ಕೆ ಚಿಮ್ಮಿಸಬೇಕು. ಸರ್ವ್ ಮಾಡುವಾಗ ಚೆಂಡನ್ನು ದೇಹದಿಂದ, ತೋಳಿನಿಂದ ಮರೆಮಾಡಬಾರದೆಂಬ ನಿಯಮ 2002ರಲ್ಲಿ ಇನ್ನಷ್ಟು ಬಿಗಿಯಾಯಿತು.

ಬ್ಯಾಡ್ಮಿಂಟನ್ನಿನ ಹಳಬರಿಗೆ ಮಲೇಷ್ಯಾದ ಸಿಡೆಕ್ ಸಹೋದರರ ಸರ್ವ್ ನೆನಪಿರಬೇಕು. ಶಟಲಿನ ಬುಡ ಬಿಟ್ಟು ಗರಿಗೆ ಮೊದಲು ತಾಕುವಂತೆ ಹೊಡೆದು ಅದನ್ನು ಅಡ್ಡಾದಿಡ್ಡಿ ತೂರಾಡಿಸುತ್ತಿದ್ದ ಆ ಸರ್ವನ್ನು 1980ರ ದಶಕದಲ್ಲಿ ತಡೆಯಲಾಯಿತು. ಚೈನ್‌ಸಾ ಮಣ್ಣಾದ 2023ರಲ್ಲೇ, ಡೆನ್ಮಾರ್ಕಿನ ಮಾರ್ಕಸ್ ರಿಂಡ್‌ಶೋಯ್ ಪೋಲಿಷ್ ಓಪನ್‌ನಲ್ಲಿ ಶಟಲನ್ನು ಬೆರಳಲ್ಲಿ ತಿರುಗಿಸಿ ಬಿಟ್ಟು ಸರ್ವ್ ಮಾಡಿ ಎಲ್ಲರನ್ನೂ ಬೆಚ್ಚಿಬೀಳಿಸಿದರು. ಪಿಕಲ್‌ಬಾಲಿನವರು ಎರಡು ವರ್ಷ ತಗೊಂಡ ತೀರ್ಮಾನವನ್ನು ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ಕೆಲವೇ ವಾರಗಳಲ್ಲಿ ತೆಗೆದುಕೊಂಡಿತು. ಮೇ ತಿಂಗಳಿಗೆಲ್ಲ ತಾತ್ಕಾಲಿಕ ನಿಷೇಧ ಜಾರಿಯಲ್ಲಿತ್ತು.

ನಿಷೇಧದ ನಂತರ ಉಳಿದದ್ದು

ಕೈಯಲ್ಲಿ ಸುತ್ತು ತುಂಬುವುದು ಹೋಯಿತು. ಆ ಸರ್ವ್ ತಂದುಕೊಡುತ್ತಿದ್ದ ಎರಡು ಲಾಭಗಳಲ್ಲಿ ಎರಡನೆಯದು, ರಿಟರ್ನರನ್ನು ಹಿಂದೆ ತಳ್ಳುವುದು, ಇಂದೂ ಪೂರ್ತಿ ನಿಮ್ಮದೇ. ಸರ್ವ್ ಚೌಕದ 15 ಅಡಿಯಲ್ಲಿ ಕೊನೆಯ 5 ಅಡಿಯನ್ನು ಸೀಮೆಸುಣ್ಣದಲ್ಲೋ ಹಗ್ಗ ಹಾಕಿಯೋ ಗುರುತು ಮಾಡಿ, ಅಲ್ಲಿಗೆ ಬೀಳಿಸುವುದೇ ಅಭ್ಯಾಸದ ಮುಕ್ಕಾಲು ಪಾಲು. ಗುರಿಯನ್ನು ಬೇಸ್‌ಲೈನಿನ ಮೇಲೆ ಇಡಬೇಡಿ, ಎರಡೂವರೆ ಮೂರು ಅಡಿ ಒಳಗಿಡಿ. ಮನುಷ್ಯರ ಕೈ ಹಿಂದೆ ಮುಂದೆ ಅಷ್ಟು ಆಡಿಯೇ ಆಡುತ್ತದೆ.

ನೆಟ್ಟಿನ ಎತ್ತರ ಪಕ್ಕದ ಗೆರೆಗಳ ಬಳಿ 36 ಇಂಚು, ನಡುವೆ 34 ಇಂಚು. ಅದನ್ನು ಸವರಿಕೊಂಡು ಹೋಗುವ ಚಪ್ಪಟೆ ಸರ್ವ್ ನೋಡಲು ಚೆಂದ, ಆದರೆ ತೂತುಗಳಿರುವ ಹಗುರ ಪ್ಲಾಸ್ಟಿಕ್ ಚೆಂಡು ಗಾಳಿಯಲ್ಲಿ ಬೇಗ ವೇಗ ಕಳೆದುಕೊಂಡು ಗಿಡ್ಡ ಬೀಳುತ್ತದೆ. ಎತ್ತರವೇ ಆಳ ಕೊಡುತ್ತದೆ. ನೆಟ್ಟಿನ ಮೇಲೆ ಮೂರು ಅಡಿ ಜಾಗ ಬಿಟ್ಟು, ಕೆಳಗಿನಿಂದ ಮೇಲಕ್ಕೆ ಸವರಿ ಟಾಪ್‌ಸ್ಪಿನ್ ಕೊಟ್ಟರೆ ಚೆಂಡು ಕೊನೆಯಲ್ಲಿ ಬಾಗಿ ಒಳಗೆ ಬೀಳುತ್ತದೆ, ಬಿದ್ದ ಮೇಲೆ ಮುಂದಕ್ಕೆ ನುಗ್ಗುತ್ತದೆ. ತೋಳು ಮೇಲಕ್ಕೆ ಬರಲೇಬೇಕೆಂಬ ನಿಯಮ ಟಾಪ್‌ಸ್ಪಿನ್ನಿಗೆ ಅಡ್ಡಿಯಲ್ಲ, ಸಹಾಯವೇ. ಒರಟು ಮೈಯ ಕಾರ್ಬನ್ ಫೈಬರ್ ಪ್ಯಾಡಲ್‌ಗಳು ಬಂದ ಮೇಲೆ ಈ ಸವರುವಿಕೆಗೆ ಹಿಡಿತವೂ ಹೆಚ್ಚಿದೆ. ಶಕ್ತಿ ಬರಬೇಕಾದ್ದು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಸರಿಯುವ ಮೈಭಾರದಿಂದ ಮತ್ತು ಭುಜದ ತಿರುವಿನಿಂದ. ಮಣಿಕಟ್ಟು ಚಿಮ್ಮಿಸುವ ಶಟಲ್ ಚಾಳಿ ಇಲ್ಲಿ ಅಪಾಯ, ಪ್ಯಾಡಲ್ ತಲೆ ಮಣಿಕಟ್ಟಿನ ಮೇಲೆ ಎದ್ದುಬಿಡುತ್ತದೆ.

ಮೊದಲ ಲಾಭ, ಅಂದರೆ ಓದಲಾಗದಂತೆ ಮಾಡುವುದು, ಪೂರ್ತಿ ಹೋಗಿಲ್ಲ. ಒಂದೇ ಭಂಗಿಯಿಂದ ಎರಡು ಬೇರೆ ಸರ್ವ್ ಬಂದರೆ ಅದೇ ಮರೆ. ನಡುಗೆರೆಯತ್ತ ಬ್ಯಾಕ್‌ಹ್ಯಾಂಡಿಗೆ ವೇಗದ ಸರ್ವ್, ಅದೇ ತೋಳಿನಿಂದ ಪಕ್ಕದ ಗೆರೆಗೆ ನಿಧಾನದ ಎತ್ತರದ ಸರ್ವ್. ಇವೆರಡನ್ನು ಬೆರೆಸುವವರ ಮುಂದೆ ರಿಟರ್ನರ್ ತಮಗೆ ಬೇಕಾದ ಜಾಗದಲ್ಲಿ ಬೇರೂರಿ ನಿಲ್ಲಲಾರರು. ಸ್ಕೋರ್ ಕೂಗಿದ ಮೇಲೆ ಸರ್ವಿಗೆ 10 ಸೆಕೆಂಡ್ ಸಮಯವಿದೆ. ಹೆಚ್ಚಿನವರು ಎರಡು ಸೆಕೆಂಡಿನಲ್ಲಿ ಹೊಡೆದು ಮುಗಿಸುತ್ತಾರೆ. ಎದುರಿನವರು ಎಲ್ಲಿ ನಿಂತಿದ್ದಾರೆಂದು ಒಮ್ಮೆ ನೋಡಲೂ ಅವರಿಗೆ ಪುರುಸೊತ್ತಿಲ್ಲ!

ಸ್ಪಿನ್ ಪ್ರಿಯರು ಈಗ ಆಸರೆ ಹುಡುಕುವುದು ಡ್ರಾಪ್ ಸರ್ವಿನಲ್ಲಿ. ಅಲ್ಲಿ ತೋಳಿನ ಕಮಾನು, ಸೊಂಟ, ಮಣಿಕಟ್ಟು ಯಾವ ಷರತ್ತೂ ಇಲ್ಲ. ಪ್ಯಾಡಲನ್ನು ಮೇಲಿಂದ ಕೆಳಗೆ ಸೀಳಿ ಬ್ಯಾಕ್‌ಸ್ಪಿನ್ (ಹಿಮ್ಮುಖ ಸುತ್ತು) ಕೊಟ್ಟರೂ ನ್ಯಾಯವೇ. ಚೆಂಡನ್ನು ಎಸೆಯದೆ, ತಿರುಚದೆ, ಸುಮ್ಮನೆ ಕೈಬಿಡಬೇಕು ಅಷ್ಟೆ. ಹಾಗಿದ್ದರೆ ಎಲ್ಲರೂ ಅದನ್ನೇ ಯಾಕೆ ಮಾಡುವುದಿಲ್ಲ? ಉತ್ತರ ಚೆಂಡಿನ ಮಾನದಂಡದಲ್ಲೇ ಇದೆ. ಮಾನ್ಯತೆ ಪಡೆಯುವ ಚೆಂಡು 78 ಇಂಚು ಎತ್ತರದಿಂದ ಗ್ರಾನೈಟ್ ಮೇಲೆ ಬಿದ್ದಾಗ 30ರಿಂದ 34 ಇಂಚಷ್ಟೇ ಪುಟಿಯಬೇಕು. ಭುಜದೆತ್ತರದಿಂದ, ಅಂದಾಜು 55 ಇಂಚಿನಿಂದ ಬಿಟ್ಟರೆ ಅದು ಏಳುವುದು 22-23 ಇಂಚು, ಮೊಣಕಾಲಿಗಿಂತ ಸ್ವಲ್ಪ ಮೇಲೆ. ಅಷ್ಟು ಕೆಳಗಿನಿಂದ ನೆಟ್ ದಾಟಿಸಲು ಚೆಂಡನ್ನು ಎತ್ತಲೇಬೇಕು. ಎತ್ತುತ್ತಾ ಸೀಳುವುದು ಕಷ್ಟ, ಸೀಳುತ್ತಾ ಆಳಕ್ಕೆ ಕಳಿಸುವುದು ಇನ್ನೂ ಕಷ್ಟ. ಹೊಸಬರಿಗೆ ಫಾಲ್ಟ್ ಭಯವಿಲ್ಲದ ಸರ್ವ್ ಆಗಿ, ಗಾಳಿ ಬೀಸುವ ದಿನ ಕೈ ನಡುಗದ ಸರ್ವ್ ಆಗಿ ಅದು ಚಿನ್ನ. ಚೈನ್‌ಸಾದ ಬದಲಿಯಂತೂ ಆಗಲಾರದು.

ಕೊನೆಗೆ ಧೈರ್ಯದ ಪ್ರಶ್ನೆ. ಸಾಂಪ್ರದಾಯಿಕ ಸ್ಕೋರಿಂಗಿನಲ್ಲಿ ಸರ್ವ್ ಮಾಡುವ ಕಡೆಗಷ್ಟೇ ಅಂಕ ಬರುತ್ತದೆ. ಅದನ್ನೇ ಹಿಡಿದು, ಫಾಲ್ಟ್ ಮಾಡಿದರೆ ಅಂಕದ ಅವಕಾಶವೇ ಹೋಯಿತು, ಆದ್ದರಿಂದ ಮೆತ್ತಗೆ ಹೊಡೆಯಿರಿ ಅನ್ನುವವರಿದ್ದಾರೆ. ಲೆಕ್ಕಕ್ಕೆಂದು ಇಟ್ಟುಕೊಳ್ಳಿ: ನಿಮ್ಮ ಮಟ್ಟದ ಆಟದಲ್ಲಿ ಸರ್ವ್ ಮಾಡುವ ಕಡೆ ಹತ್ತರಲ್ಲಿ ನಾಲ್ಕು ರ‍್ಯಾಲಿ ಗೆಲ್ಲುತ್ತದೆ. ಹಾಗಾದರೆ ಒಂದು ಫಾಲ್ಟ್‌ನಿಂದ ನೀವು ಕಳೆದುಕೊಳ್ಳುವುದು ಒಂದು ಪೂರ್ತಿ ರ‍್ಯಾಲಿಯನ್ನಲ್ಲ, ಹತ್ತರಲ್ಲಿ ನಾಲ್ಕು ಭಾಗದ ಅವಕಾಶವನ್ನು. ಒಂದು ಏಸ್ ಬಂದರೆ ಗಳಿಸುವುದು ಆರು ಭಾಗ. ಎರಡು ಏಸಿಗೆ ಮೂರು ಫಾಲ್ಟ್ ಆದರೂ ಲೆಕ್ಕ ಸರಿದೂಗುತ್ತದೆ. ರಿಟರ್ನ್ ಕಡೆಯವರು ಗಟ್ಟಿಯಾಗಿರುವ ಮೇಲ್ಮಟ್ಟದಲ್ಲಿ ವೃತ್ತಿಪರರು ಸರ್ವಿನಲ್ಲಿ ಅಷ್ಟು ಬೀಸಿ ಹೊಡೆಯುವುದಕ್ಕೆ ಇದೂ ಒಂದು ಕಾರಣ. ಹೊಸಬರ ಆಟದಲ್ಲಿ ಲೆಕ್ಕ ಬೇರೆ. ಅಲ್ಲಿ ರಿಟರ್ನೇ ನೆಟ್ಟಿಗೆ ಬೀಳುತ್ತಿರುತ್ತದೆ, ಸರ್ವ್ ಕಡೆ ಹತ್ತರಲ್ಲಿ ಆರು ಗೆಲ್ಲುತ್ತಿರಬಹುದು. ಆಗ ಪ್ರತಿ ಫಾಲ್ಟ್ ಆರು ಭಾಗದ ನಷ್ಟ, ಏಸಿನ ಲಾಭ ನಾಲ್ಕೇ ಭಾಗ. ಸರ್ವ್ ಒಳಗೆ ಬಿದ್ದರೆ ಸಾಕು ಎಂಬ ಉಪದೇಶ ಅವರಿಗೆ ಸರಿ. ಅದನ್ನೇ ನಾಲ್ಕು ವರ್ಷ ಆಡಿದವರಿಗೂ ಹೇಳುತ್ತಾ ಬಂದದ್ದು ಸರಿಯಲ್ಲ.

ಮುಂದಿನ ಜಗಳ ಎಲ್ಲಿ ಹುಟ್ಟುತ್ತದೆ ಎಂಬುದೂ ಕಾಣುತ್ತಿದೆ. ಬೀಸಿ ಹೊಡೆಯುವವರ ಚೆಂಡು ನಿಜವಾಗಿ ಸೊಂಟದ ಕೆಳಗೇ ತಾಕಿತೇ, ಪ್ಯಾಡಲ್ ತಲೆ ಮಣಿಕಟ್ಟು ದಾಟಿತೇ ಎಂಬುದನ್ನು ಪಿಕಲ್‌ಬಾಲಿನಲ್ಲಿ ಬರಿಗಣ್ಣಿನಲ್ಲೇ ತೀರ್ಮಾನಿಸಬೇಕು. ಬ್ಯಾಡ್ಮಿಂಟನ್ 2018ರಲ್ಲಿ ಸೊಂಟದ ಗೊಡವೆ ಬಿಟ್ಟು, ನೆಲದಿಂದ 1.15 ಮೀಟರ್ ಎಂಬ ಒಂದೇ ಎತ್ತರವನ್ನು ಪ್ರಯೋಗಕ್ಕೆ ತಂದು, ಅಳೆಯಲು ಉಪಕರಣವನ್ನೂ ಅಂಕಣದ ಪಕ್ಕ ನಿಲ್ಲಿಸಿತು. ಎತ್ತರದ ಆಟಗಾರರು ಗೊಣಗಿದರು, ಆಮೇಲೆ ಮೊಣಕಾಲು ಬಗ್ಗಿಸಿ ಸರ್ವ್ ಮಾಡಲು ಕಲಿತರು. ಪಿಕಲ್‌ಬಾಲ್ ಕೂಡ ಇಂಥದೊಂದು ಅಳತೆಗೋಲನ್ನು ತರಬೇಕು ಅನ್ನುವುದು ನನ್ನ ಅಭಿಪ್ರಾಯ. ಅದು ಬರುವವರೆಗೆ, ಸರ್ವ್ ಗಟ್ಟಿ ಮಾಡಿಕೊಳ್ಳುತ್ತಿರುವವರು ಫೋನನ್ನು ಸೊಂಟದ ಮಟ್ಟದಲ್ಲಿ ಪಕ್ಕದಿಂದ ಇಟ್ಟು ನಿಧಾನಗತಿಯಲ್ಲಿ ವಿಡಿಯೊ ಮಾಡಿ, ತಾಕುವ ಕ್ಷಣವನ್ನು ನಿಲ್ಲಿಸಿ ನೋಡಿಕೊಳ್ಳಲಿ. ಸೊಂಟದ ಮಟ್ಟಕ್ಕೆ ತೀರ ಹತ್ತಿರವಿದ್ದರೆ ಈಗಲೇ ಒಂದು ಗೇಣು ಕೆಳಗಿಳಿಸಿಕೊಳ್ಳುವುದು ಒಳ್ಳೆಯದು.